ಚೋವೀಸ್ ಕಾಕಾಗೆ ಮೀಸೆ ಇದೆಯಾ?

"ಮಿಶಾ ಆಹೇತ್ ಕಾ?"

ಸೈಕಲ್ ರಿಪೇರಿಯವನು ಕೇಳಿದ್ದು ಇಷ್ಟೇ. ನೀವು ಹುಡುಕುತ್ತಿರುವ ಮನುಷ್ಯನಿಗೆ ಮೀಸೆ ಇದೆಯಾ?

ನಾಲ್ಕು ವರ್ಷ, ವಾರಕ್ಕೊಮ್ಮೆ, ಒಂದೇ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಚಹಾ ಕುಡಿದ ಮನುಷ್ಯ. ಮೀಸೆ ಇತ್ತಾ? ಇದ್ದರೂ ಇರಬಹುದು. ಕನ್ನಡಕ? ಇದ್ದಿರಬೇಕು, ಈ ವಯಸ್ಸಿನಲ್ಲಿ ಯಾರಿಗಿಲ್ಲ?

ಅವರ ಸೈಕಲ್ ಬಗ್ಗೆ ಕೇಳಿ, ಹೇಳುತ್ತೇನೆ. ಹೇಳಿಯೂ ಹೇಳಿದ್ದೆ. ಕರೀ ಬಣ್ಣ, ಇಪ್ಪತ್ನಾಲ್ಕು ಇಂಚಿನ ಫ್ರೇಮು (ಈಗ ಸಿಗುವುದೇ ಕಷ್ಟ), ರಾಡ್ ಬ್ರೇಕು, ಪೂರ್ತಿ ಮುಚ್ಚಿದ ಚೈನ್ ಕವರು, ಅದರ ಎಡಗಡೆ ಹೆಬ್ಬೆರಳಿನಷ್ಟು ಒಂದು ತಗ್ಗು. ಹಿಂದಿನ ಮಡ್‌ಗಾರ್ಡಿಗೆ ಕೆಂಪು ಗಾಜಿನ ಬಿಲ್ಲೆ. ಸೀಟಿನ ಕೆಳಗಿನ ಎರಡು ಸ್ಪ್ರಿಂಗುಗಳಲ್ಲಿ ಒಂದು ಮಾತ್ರ ಹೊಸದು. ಬೆಲ್ ಒತ್ತಿದರೆ ಎರಡು ಸಲ ಬಡಿದು ಮೂರನೆಯದನ್ನು ನುಂಗುತ್ತದೆ. ರಿಪೇರಿಯವನು ಎಲ್ಲವನ್ನೂ ಕೇಳಿಸಿಕೊಂಡ, ಪಾಪ. ಆಮೇಲೆ ಸ್ಪ್ಯಾನರ್ ಕೆಳಗಿಟ್ಟು, "ಸಾಯಕಲ್ ರಾಹೂ ದ್ಯಾ ಹೋ ಬಾಯಿ, ಮಾಣೂಸ್ ಕಸಾ ದಿಸತೋ ತೇ ಸಾಂಗಾ" ಅಂದ. ಸೈಕಲ್ ಇರಲಿ, ಮನುಷ್ಯ ಹೇಗಿದ್ದಾನೆ ಹೇಳಿ.

ನನಗೆ ಹೇಳಲು ಬರಲಿಲ್ಲ. ಮನೆಗೆ ಬಂದುಬಿಟ್ಟೆ. ಇದು ಫೆಬ್ರುವರಿಯ ಮಾತು.

ಈ ಅಂಕಣ ಓದುವವರಿಗೆ ನನ್ನ ಸೈಕಲ್ ಹುಚ್ಚು ಹೊಸದಲ್ಲ. ("ಅಕ್ಕಾವರ, ಗುಂಡಿ, ಸಿಗ್ನಲ್ಲು, ಪಂಕ್ಚರು ಬಿಟ್ಟು ಬೇರೆ ಏನಾದರೂ ಬರೀರಿ" ಎಂದು ಹುಬ್ಬಳ್ಳಿಯಿಂದ ಒಬ್ಬರು ಪತ್ರ ಹಾಕಿದ್ದರು. ಸ್ವಾಮಿ, ಇವತ್ತೂ ಕ್ಷಮಿಸಿ.) ಹೊಸಬರಿಗಾಗಿ ಹೇಳುತ್ತೇನೆ. ಧಾರವಾಡದವಳು, ಪುಣೆಯ ಕೋಥರೂಡದಲ್ಲಿ ವಾಸ, ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳು. ವಯಸ್ಸು ಅರವತ್ನಾಲ್ಕು. ಮದುವೆ ಮಾಡಿಕೊಳ್ಳಲಿಲ್ಲ, ಸೈಕಲ್ ಇಟ್ಟುಕೊಂಡೆ. ಲೇಡೀಸ್ ಸೈಕಲ್, ಮುಂದೆ ಬೆತ್ತದ ಬುಟ್ಟಿ.

ನಾವು ಏಳೆಂಟು ಜನ ಅರವತ್ತು ದಾಟಿದವರು ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಕೋಥರೂಡದಿಂದ ಹೊರಡುತ್ತೇವೆ. ಗುಡ್ಡ ಹತ್ತಿ, ಇಳಿದು, ಹೆದ್ದಾರಿಯ ಪಕ್ಕದ ಒಂದು ಚಹಾದಂಗಡಿ. ಮೈಯಲ್ಲಿ ಹುರುಪಿದ್ದ ದಿನ ಇನ್ನೂ ಮುಂದೆ ದೇಹೂ ರೋಡಿನವರೆಗೆ. ಗುಂಪಿನಲ್ಲಿ ನಾನೊಬ್ಬಳೇ ಹೆಂಗಸು.

ನಮ್ಮಲ್ಲೊಂದು ನಿಯಮ ಇದೆ. ಚಹಾದ ಹೊತ್ತಿಗೆ ಮೂರು ವಿಷಯ ಬಂದ್: ಕಾಯಿಲೆ, ಮಕ್ಕಳು, ಮೊದಲು ಮಾಡುತ್ತಿದ್ದ ನೌಕರಿ. ಬಾಯಿ ತಪ್ಪಿ ಯಾರಾದರೂ "ನನ್ನ ಶುಗರು..." ಎಂದರೆ ಮುಗಿಯಿತು, ಎಲ್ಲರ ಗ್ಲಾಸು ಎತ್ತಿ ಒಳಗೆ ಕೊಟ್ಟು ಬರುವ ಶಿಕ್ಷೆ. ಬಹಳ ಒಳ್ಳೆಯ ನಿಯಮ ಎಂದು ಎಷ್ಟು ಸಲ ಹೊಗಳಿದ್ದೇನೋ! ನಮ್ಮ ವಯಸ್ಸಿನವರು ನಾಲ್ಕು ಜನ ಸೇರಿದರೆ ಬಿ.ಪಿ. ಮತ್ತು ಸೊಸೆ ಬಿಟ್ಟು ಬೇರೆ ಮಾತು ಎಲ್ಲಿರುತ್ತದೆ ಹೇಳಿ?

ಹಾಗಾಗಿ ನಾವು ಮಾತಾಡುವುದು ಸೈಕಲ್ಲಿನ ಬಗ್ಗೆ. ಕೂರುವುದೂ ಸೈಕಲ್ಲಿನ ಕಡೆಗೇ. ಅಂಗಡಿಯ ಮುಂದೆ ಸೈಕಲ್‌ಗಳನ್ನು ಸಾಲಾಗಿ ನಿಲ್ಲಿಸಿ, ಎದುರಿನ ಉದ್ದ ಬೆಂಚಿನ ಮೇಲೆ ಸಾಲಾಗಿ ಕೂತು, ಅವುಗಳನ್ನೇ ನೋಡುತ್ತಾ ಚಹಾ ಕುಡಿಯುತ್ತೇವೆ. ಕದ್ದುಕೊಂಡು ಹೋದರೆ ಎಂಬ ಭಯ ಅರ್ಧ, ನೋಡುವ ಸುಖ ಅರ್ಧ. ಪಕ್ಕದವರ ಮುಖ ನೋಡುವ ಪ್ರಸಂಗವೇ ಬರುವುದಿಲ್ಲ. ಹೆಸರೂ ಬೇಕಾಗಿಲ್ಲ. ಇಪ್ಪತ್ತೊಂದು ಗೇರಿನ ಸೈಕಲ್ ಇರುವವರು ಗೇರ್ ಕಾಕಾ. ನಾನು ಟೋಪಲೀವಾಲ್ಯಾ ಬಾಯಿ, ಅಂದರೆ ಬುಟ್ಟಿ ಬಾಯಿ. ಇಪ್ಪತ್ನಾಲ್ಕು ಇಂಚಿನವರು ಚೋವೀಸ್ ಕಾಕಾ.

ಈ ಚೋವೀಸ್ ಕಾಕಾ ಕನ್ನಡದವರು. ಅದು ಗೊತ್ತಾದದ್ದು ಮೊದಲನೆಯ ದಿನವೇ. ಗ್ಲಾಸು ಹಿಡಿದು, "ಯಪ್ಪಾ, ಏನ್ ಸುಡತೈತಿ" ಅಂದರು. ನಾನು ಥಟ್ಟನೆ, "ತುದಿಗೆ ಹಿಡೀರಿ, ಸುಡಂಗಿಲ್ಲ" ಅಂದೆ. ಅಷ್ಟೇ. ಅವತ್ತಿನಿಂದ ಬೆಂಚಿನ ಎಡತುದಿ ನಮ್ಮಿಬ್ಬರದು. ಅವರದು ಬೆಳಗಾವಿ ಕಡೆಯ 'ಐತಿ', ನನ್ನದು ಧಾರವಾಡದ 'ಅದ'. ಅರ್ಧ ಗಂಟೆ. ಗಾಳಿ ಯಾವ ಕಡೆಯಿಂದ ಬೀಸಿತು, ಚೈನಿಗೆ ಯಾವ ಎಣ್ಣೆ ಒಳ್ಳೆಯದು, ಟೈರು ಈಗ ಯಾಕೆ ಬೇಗ ಸವೆಯುತ್ತದೆ. ಇಷ್ಟೇ ಮಾತು.

ಇಷ್ಟೇ ಮಾತು ಎಂದು ಬರೆದುಬಿಟ್ಟೆ. ಆದರೆ ನನ್ನ ವಾರದಲ್ಲಿ ಪಕ್ಕದಲ್ಲೊಬ್ಬರು ಕೂತು ಕೇಳುವ ಕನ್ನಡ ಅಷ್ಟೇ ಇತ್ತು. ಅಕ್ಕ ಇರುವವರೆಗೆ ಮನೆಯಲ್ಲಿ ಇಬ್ಬರೂ ಜಗಳವಾಡಲಿಕ್ಕಾದರೂ ಕನ್ನಡ ಬಳಸುತ್ತಿದ್ದೆವು. ಅವಳು ಹೋಗಿ ಮೂರು ವರ್ಷ. ಸೋಮವಾರದಿಂದ ಶನಿವಾರದವರೆಗೆ ಹಾಲಿನವನ ಜೊತೆ ಮರಾಠಿ, ಸೊಸೈಟಿಯ ವಾಚ್‌ಮನ್ ಜೊತೆ ಹಿಂದಿ. ಹಾಲು ಉಕ್ಕಿದಾಗ ಮಾತ್ರ ಎರಡು ಮಾತು ಕನ್ನಡ, ಅವನ್ನು ಇಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ಶನಿವಾರ ಸಂಜೆ ಸೈಕಲ್ಲಿಗೆ ಗಾಳಿ ಹಾಕುವಾಗ, ನಾಳೆ ಏನು ಹೇಳಬೇಕು ಎಂದು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ನಗಬೇಡಿ, ನಿಜ.

ಸಂಕ್ರಾಂತಿ ಆದ ಮೇಲಿನ ಭಾನುವಾರ ಒಂದು ಸಣ್ಣ ಸಂಗತಿ ನಡೆಯಿತು. ಆಗ ಅದು ಸಂಗತಿ ಎಂದೇ ಅನ್ನಿಸಿರಲಿಲ್ಲ.

ಚೋವೀಸ್ ಕಾಕಾ ಸೈಕಲ್ ಏರುವುದು ಹಳೇ ಪದ್ಧತಿ. ಎಡಗಾಲು ಪೆಡಲ್ ಮೇಲೆ, ಬಲಗಾಲಿನಿಂದ ನೆಲಕ್ಕೆ ಎರಡು ಒದೆ, ಸೈಕಲ್ ಓಡತೊಡಗಿದಾಗ ಬಲಗಾಲನ್ನು ಹಿಂದಿನಿಂದ ಎತ್ತಿ, ಕ್ಯಾರಿಯರ್ ದಾಟಿಸಿ, ಸೀಟಿನ ಮೇಲೆ. ನೋಡಲು ಚಂದ. ಅವತ್ತು ಚಹಾ ಮುಗಿಸಿ ಹೊರಟಾಗ ಕಾಲು ಮೇಲೆ ಬರಲಿಲ್ಲ. ಎರಡನೇ ಸಲವೂ ಬರಲಿಲ್ಲ. ಮೂರನೇ ಸಲ ಕ್ಯಾರಿಯರ್‌ಗೆ ಬಡಿದು, ಬೀಳುವುದರಲ್ಲಿ ಸಾವರಿಸಿಕೊಂಡರು. ಗೇರ್ ಕಾಕಾ ಕೂಗಿದರು, "ಕಾಕಾ, ಆತಾ ಲೇಡೀಜ್ ಸಾಯಕಲ್ ಘ್ಯಾ!"

ಇನ್ನು ಲೇಡೀಸ್ ಸೈಕಲ್ ತಗೊಳ್ಳಿ ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ನನ್ನ ಲೇಡೀಸ್ ಸೈಕಲ್ ಹಿಡಿದುಕೊಂಡು ನಿಂತೇ ನಕ್ಕೆ.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಮೂರನೆಯ ವಾರ ನಾನು ಬೆಂಚಿನ ಎಡತುದಿಯಲ್ಲಿ ಒಬ್ಬಳೇ ಕೂತು, ಜೋಡಿಸಿಕೊಂಡು ಬಂದ ಮಾತೆಲ್ಲ ಚಹಾದ ಜೊತೆ ನುಂಗಿದೆ. ಯಾರ ಹತ್ತಿರವಾದರೂ ಅವರ ನಂಬರ್ ಇದೆಯಾ ಎಂದು ಕೇಳಿದೆ. ಇರಲಿಲ್ಲ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅವರು ಇರಲೇ ಇಲ್ಲ, ಅವರದು ಹಳೇ ಬಟನ್ ಫೋನು. ಮನೆ? "ಕರ್ವೇನಗರ ಕಡೆ ಇರಬೇಕು" ಅಂದರು ಒಬ್ಬರು. ಹೆಸರು? ಏಳು ಜನ ಒಬ್ಬರ ಮುಖ ಒಬ್ಬರು ನೋಡಿದೆವು, ಆ ಬೆಂಚಿನ ಮೇಲೆ ಮೊದಲನೇ ಸಲ.

ಅದಕ್ಕೇ ನಾನು ರಿಪೇರಿ ಅಂಗಡಿಗಳಿಗೆ ಅಲೆದದ್ದು. ನಾಲ್ಕು ಅಂಗಡಿ. ಎಲ್ಲ ಕಡೆಯೂ ಸೈಕಲ್ಲಿನ ವರ್ಣನೆ ಕೊಟ್ಟೆ. ರಸ್ತೆಯಲ್ಲಿ ಹೋಗುವಾಗ ಬರುವಾಗ ಕರೀ ಎತ್ತರದ ಸೈಕಲ್ ಕಂಡರೆ ಹಿಂದೆ ಹೋಗುತ್ತಿದ್ದೆ. ಒಮ್ಮೆ ಒಬ್ಬ ಪೇಪರ್ ಹಾಕುವವನನ್ನು ಎರಡು ಓಣಿ ಬೆನ್ನಟ್ಟಿದೆ. ಅವನು ಹೆದರಿ ನಿಂತು, "ಕಾಯ್ ಝಾಲಂ ಆಜೀ?" ಅಂದ. ಏನಾಯಿತು ಅಜ್ಜಿ? ಏನಿಲ್ಲಪ್ಪಾ, ನಿನ್ನ ಚೈನ್ ಕವರು ನೋಡಬೇಕಿತ್ತು ಎಂದು ಹೇಗೆ ಹೇಳುವುದು?

ಆಮೇಲೆ ಸಿಟ್ಟು ಬಂತು. ಹೋಗುವವರು ಒಂದು ಮಾತು ಹೇಳಿ ಹೋಗಬಾರದೇ? ನಾನೇನು ಅವರ ಆಸ್ತಿ ಕೇಳುತ್ತಿದ್ದೆನೇ? ಸಿಟ್ಟು ಎರಡು ದಿನಕ್ಕಿಂತ ಹೆಚ್ಚು ಬಾಳಲಿಲ್ಲ. ಅದು ಹೋದ ಮೇಲೆ ಉಳಿದದ್ದು ಹೆದರಿಕೆ. ನಮ್ಮ ವಯಸ್ಸಿನಲ್ಲಿ ಒಬ್ಬರು ಬರುವುದನ್ನು ನಿಲ್ಲಿಸಿದರೆ ಕಾರಣ ಒಂದೇ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಭಾನುವಾರ ಆ ಮಾತನ್ನು ಯಾರೂ ಆಡಲಿಲ್ಲ. ನಾನೂ ಆಡಲಿಲ್ಲ. ಆದರೆ ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚುವಾಗ, ಯಾರಿಗಾಗಿ ಎಂದು ಬೇಡಿಕೊಳ್ಳಲು ನನ್ನ ಹತ್ತಿರ ಹೆಸರಿರಲಿಲ್ಲ.

ಯುಗಾದಿ ಹೋಯಿತು. ಬಿಸಿಲು ಏರಿತು. ಕಳೆದ ಶನಿವಾರ ಸಂಜೆ, ಕೆನಾಲ್ ರೋಡಿನ ತಳ್ಳುಗಾಡಿಯಲ್ಲಿ ಉಪ್ಪಿನಕಾಯಿಗೆ ಮಾವಿನಕಾಯಿ ಆರಿಸುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಬಾಯಾರ, ಸಿಟ್ಟು ಇನ್ನೂ ಇಳದಿಲ್ಲೇನ್ರಿ?"

ಮಾವಿನಕಾಯಿ ಕೈಯಿಂದ ಜಾರಿತು. ಆ ದನಿಯನ್ನು ನಾನು ಎಲ್ಲಿದ್ದರೂ ಹಿಡಿಯುತ್ತೇನೆ. ತಿರುಗಿ ನೋಡಿದೆ. ತಲೆಗೆ ನೀಲಿ ಹೆಲ್ಮೆಟ್ ಹಾಕಿದ, ತೆಳ್ಳನೆಯ, ಎತ್ತರದ ಮನುಷ್ಯ. ಬಿಳೀ ಮೀಸೆ. (ಇದೆ! ತುದಿಗೆ ಸ್ವಲ್ಪ ಮೇಲೆ ತಿರುವಿದ್ದಾರೆ.) ಬಲ ಹುಬ್ಬಿನ ಮೇಲೆ ಹಳೇ ಗಾಯದ ಗುರುತು. ಬದುಕಿದ್ದರು. ಗಟ್ಟಿಯಾಗಿ ನಿಂತಿದ್ದರು. ನನಗಾದ ಸಂತೋಷಕ್ಕೆ ಮೊದಲು ಬಾಯಿಂದ ಬಂದ ಮಾತು ಯಾವುದು ಗೊತ್ತೇ?

"ನಿಮ್ಮ ಸೈಕಲ್ ಎಲ್ಲದ ರೀ?"

"ನೋಡ್ರಿ, ಮೊದಲ ಸೈಕಲ್ ಕೇಳಿದ್ರಿ" ಅಂದರು. ಪಕ್ಕದಲ್ಲಿ ಮೆರೂನ್ ಬಣ್ಣದ ಲೇಡೀಸ್ ಸೈಕಲ್ ನಿಂತಿತ್ತು. ಹ್ಯಾಂಡಲ್ಲಿಗೆ ಅವರ ಕೈಚೀಲ ಕಟ್ಟಿತ್ತು. ಆಗ ತಲೆಗೆ ಹೋಯಿತು.

ಅವರೇ ಹೇಳಿದರು. ಆ ಭಾನುವಾರದ ಮರುದಿನವೇ ಮನೆಯ ಗೇಟಿನ ಹತ್ತಿರ ಬಿದ್ದರಂತೆ. "ಕಾಲ ಎತ್ತಿದ್ನಿ, ಸೀಟಿಗೆ ತಟ್ಟಿತ್ರಿ, ಸೈಕಲ್ ಸಮೇತ ಹೋದ್ನಿ. ಎಲುಬಿಗೇನ ಆಗಲಿಲ್ಲ, ಪುಣ್ಯಾ. ಆದ್ರ ಡಾಕ್ಟರು ಇನ್ನ ಮ್ಯಾಲ ಕಾಲ ಅಷ್ಟ ಎತ್ತಬ್ಯಾಡ್ರಿ ಅಂದ್ರು." ಮಗಳು ಕಾಲೇಜಿಗೆ ಓಡಿಸುತ್ತಿದ್ದ ಸೈಕಲ್ ಬಾಲ್ಕನಿಯಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಅದನ್ನೇ ಇಳಿಸಿದರು. ಹೆಲ್ಮೆಟ್ ಹಾಕಲೇಬೇಕು ಎಂದು ಮಗಳ ಅಪ್ಪಣೆ.

"ರೂಢಿ ಆಗಾಕ ಒಂದ ತಿಂಗಳ ಬೇಕಾತ್ರಿ ಬಾಯಾರ. ಐವತ್ತ ವರ್ಷ ಹಿಂದಿಂದ ಕಾಲ ಹಾಕಿದಾವ ನಾನು. ಮುಂದಿಂದ ದಾಟಸೂದಂದ್ರ ಕಾಲ ಕೇಳೂದಿಲ್ಲ. ಸಂಸಾರ ಮುಗದ ಮ್ಯಾಲ ಸೈಕಲ್ ಕಲತಂಗ ಆತು."

"ಹಂಗಾರ ಆಮ್ಯಾಲೆ ಬರಬೇಕಿತ್ತಲ್ರಿ. ನಾವೆಲ್ಲಾ ಎಷ್ಟ ದಾರಿ ನೋಡಿದ್ವಿ" ಅಂದೆ. ದನಿಯಲ್ಲಿ ಶಾಲೆಯ ಗದರಿಕೆ ಇತ್ತು, ನನಗೇ ಕೇಳಿಸಿತು.

"ಬಂದಿದ್ನಲ್ರಿ."

"ಯಾವಾಗ?"

"ಫೆಬ್ರುವರಿ ಕಡೀ ರವಿವಾರ. ತಡಾ ಆಗಿತ್ತು, ನೀವು ವಾಪಸ್ ಹೊಂಟಿದ್ರಿ. ಗುಡ್ಡದ ಕೆಳಗ ಎದುರಿಗೆ ಸಿಕ್ರಿ, ನೀವೊಬ್ಬರ. ಕೈ ಎತ್ತಿದ್ನಿ. ನೀವು ನೋಡಿದ್ರಿ. ಕೆಳಗ ಸೈಕಲ್ ನೋಡಿದ್ರಿ. ಹಂಗ ಹೋಗಿಬಿಟ್ರಿ."

ನೆನಪಾಯಿತು. ಆಗಬಾರದಿತ್ತು, ಆಯಿತು. ಹೆಲ್ಮೆಟ್ ಹಾಕಿದ ಯಾರೋ ಒಬ್ಬ, ಮೆರೂನ್ ಲೇಡೀಸ್ ಸೈಕಲ್, ಕೈ ಎತ್ತಿದ. ತಿರುಗುವ ಸಿಗ್ನಲ್ ಕೊಡುತ್ತಿದ್ದಾನೆ, ಎಷ್ಟು ಶಿಸ್ತಿನ ಮನುಷ್ಯ ಎಂದುಕೊಂಡು ಮುಂದೆ ಹೋಗಿದ್ದೆ. ಆ ಹೊತ್ತಿನಲ್ಲಿ ನನ್ನ ಕಣ್ಣು ರಸ್ತೆಯ ಉದ್ದಕ್ಕೂ ಕರೀ ಎತ್ತರದ ಸೈಕಲ್ ಹುಡುಕುತ್ತಿತ್ತು. ಅವರನ್ನು ಹುಡುಕುತ್ತಾ ಅವರನ್ನೇ ದಾಟಿ ಹೋಗಿದ್ದೆ.

"ಗುರ್ತ ಹತ್ತಲಿಲ್ರಿ ನನಗ" ಅಂದೆ.

"ಈಗ ತಿಳೀತ್ರಿ. ಅವತ್ತ ಹಂಗ ಅನಸಲಿಲ್ಲ." ಅವರು ಬ್ರೇಕ್ ಹಿಡಿದು ಬಿಟ್ಟು ಮಾಡುತ್ತಿದ್ದರು. "ಅದರ ಮೊದಲ ನೀವೂ ನಕ್ಕಿದ್ರಲ್ರಿ. ಉಳದವರು ನಕ್ರ ನಕ್ರು, ಅದೇನ ದೊಡ್ಡದಲ್ಲ. ನೀವು ನಕ್ರಿ. ಅದಕ್ಕ, ಈ ಸೈಕಲ್ ಮ್ಯಾಲ ನನ್ನ ನೋಡಿ ಇವರಿಗೆ ನಾಚಿಕಿ ಆತು, ಮಾತಾಡಸೂದ ಬ್ಯಾಡ ಅಂತ ಹೋದ್ರು ಅಂತ ತಿಳಕೊಂಡ್ನಿ. ಆಮ್ಯಾಲ ಬರಲಿಲ್ಲ."

ನಲವತ್ತು ವರ್ಷ ಲೇಡೀಸ್ ಸೈಕಲ್ ತುಳಿದವಳು ನಾನು. ಅದರ ಮೇಲೆ ಶಾಲೆಗೆ ಹೋದೆ, ಅಕ್ಕನ ಔಷಧಿ ತಂದೆ, ಪುಣೆಯ ಅರ್ಧ ಸುತ್ತಿದೆ. ಅದನ್ನು ಒಬ್ಬ ಗಂಡಸು ಓಡಿಸಬೇಕಾಗಿ ಬಂದರೆ ಅದೊಂದು ಜೋಕು, ಅದಕ್ಕೆ ನಾನೇ ಹಲ್ಲು ಕಿರಿದೆ! ಗಂಡಸರ ಗುಂಪಿನಲ್ಲಿ ನಾನೂ ಒಬ್ಬಳು ಎಂದು ತೋರಿಸಿಕೊಳ್ಳುವ ಚಪಲ, ಇನ್ನೇನು? ನಾಲ್ಕು ತಿಂಗಳು ನನ್ನನ್ನು ಯಾರೋ ಬಿಟ್ಟು ಹೋದರು ಎಂದು ಕೊರಗಿದ್ದೆ. ಅವರನ್ನು ಅಟ್ಟಿದವಳು ನಾನು.

"ತಪ್ಪಾತ್ರಿ" ಅಂದೆ. ತಳ್ಳುಗಾಡಿಯವಳು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

"ಅಯ್ಯ, ಬಿಡ್ರಿ" ಅಂದರು.

ಹೆಸರು ಕೇಳಿದೆ. ಹೇಳಿದರು. ನನ್ನದನ್ನೂ ಹೇಳಿದೆ. (ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅಷ್ಟು ಕಷ್ಟಪಟ್ಟು ಸಿಕ್ಕಿದ್ದು, ನಿಮಗೆ ಪುಕ್ಕಟೆ ಯಾಕೆ ಕೊಡಲಿ?) ಬೈಲಹೊಂಗಲದ ಕಡೆಯವರು. ಮೂವತ್ತು ವರ್ಷ ದೇಹೂ ರೋಡಿನ ಹತ್ತಿರದ ಕಾರ್ಖಾನೆಯಲ್ಲಿ ಫಿಟ್ಟರ್. ಹೆಂಡತಿ ತೀರಿಕೊಂಡು ಆರು ವರ್ಷ. ಐದು ನಿಮಿಷದಲ್ಲಿ ಇಷ್ಟೆಲ್ಲ ತಿಳಿಯಿತು. ಬೆಂಚಿನ ಮೇಲೆ ನಾಲ್ಕು ವರ್ಷದಲ್ಲಿ ತಿಳಿದದ್ದು ಚೈನಿನ ಎಣ್ಣೆ.

"ಭಾನುವಾರ ಬರ್ರಿ" ಎಂದೆ. ತಲೆ ಅಲ್ಲಾಡಿಸಿದರು. "ಗುಡ್ಡ ಏರೂದ ಇನ್ನ ಆಗಂಗಿಲ್ರಿ. ದಿನಾ ಸಂಜಿ ಐದಕ್ಕ ಇಲ್ಲೇ ಕೆನಾಲ್ ರೋಡಿಗೆ ಎರಡ ಸುತ್ತ ಹಾಕತೇನಿ. ಸಪಾಟ ಐತಿ, ಸಾಕು ನನಗ." ನಾನೂ ಬರಲೇ ಎಂದು ಕೇಳಬೇಕು ಅನ್ನಿಸಿತು. ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. "ಚಲೋ ಆತು ಬಿಡ್ರಿ" ಅಂದೆ. ಹೋದರು. ಬಲಗಾಲನ್ನು ಮುಂದಿನಿಂದ, ಸೀರೆ ಉಟ್ಟವರ ಹಾಗೆ ಜೋಪಾನವಾಗಿ ದಾಟಿಸಿದರು.

ಭಾನುವಾರ ಬೆಂಚಿನ ಮೇಲೆ ಸುದ್ದಿ ಹೇಳಿದೆ. ಎಲ್ಲರಿಗೂ ಖುಷಿ. ಗೇರ್ ಕಾಕಾ ಗ್ಲಾಸು ಕೆಳಗಿಟ್ಟು ಕೇಳಿದರು, "ಆಣಿ ತೀ ಚೋವೀಸಚೀ ಸಾಯಕಲ್? ವಿಕಣಾರ್ ಆಹೇತ್ ಕಾ?" ಆ ಹಳೇ ಸೈಕಲ್ ಮಾರುತ್ತಾರಂತೇನು? ನನಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದವಳು, ಹಿಂದಿನ ಸಂಜೆ ನಾನು ಕೇಳಿದ ಮೊದಲ ಪ್ರಶ್ನೆ ನೆನಪಾಗಿ ಮುಚ್ಚಿದೆ.

ಸೋಮವಾರ ಐದಕ್ಕೆ ಕೆನಾಲ್ ರೋಡಿಗೆ ಹೋದೆ. ವಾಕಿಂಗ್ ಅಲ್ಲ, ಕೊತ್ತಂಬರಿ ಅಲ್ಲ, ಬೇರೆ ನೆಪವನ್ನೇನೂ ಹುಡುಕಿಕೊಳ್ಳಲಿಲ್ಲ. ಸೈಕಲ್ ನಿಲ್ಲಿಸಿಕೊಂಡು ಬರುವವರ ಮುಖಗಳನ್ನೇ ನೋಡಿದೆ. ಎಷ್ಟು ಜನ ಹಿರಿಯರು ಸೈಕಲ್ ಮೇಲೆ ಹೋಗುತ್ತಾರೆ ಈ ಊರಿನಲ್ಲಿ! ಊಟದ ಡಬ್ಬಿ ಕಟ್ಟಿಕೊಂಡು ಡ್ಯೂಟಿಗೆ ಹೋಗುವ ವಾಚ್‌ಮನ್. ಹ್ಯಾಂಡಲ್ಲಿಗೆ ಬಣ್ಣದ ಡಬ್ಬ ತೂಗುಹಾಕಿದ ಪೇಂಟರ್. ದಣಿದ ಮುಖ, ಎಲೆಯಡಿಕೆ ಹಾಕಿದ ಮುಖ, ತನ್ನಷ್ಟಕ್ಕೆ ಏನೋ ಗೊಣಗಿಕೊಳ್ಳುವ ಮುಖ. ಆರು ಗಂಟೆಯವರೆಗೆ ನಿಂತೆ. ಅವರು ಬರಲಿಲ್ಲ. ಆ ಒಂದು ಗಂಟೆಯಲ್ಲಿ ನನ್ನ ಮುಖವನ್ನು ಯಾರೂ ನೋಡಲಿಲ್ಲ. ಮನೆಗೆ ಬಂದು ಅನ್ನ ಮಾಡಲು ಬೇಜಾರಾಗಿ ಹಾಲು ಕುಡಿದು ಮಲಗಿದೆ.

ಮಂಗಳವಾರ ಹೋಗಬಾರದು ಎಂದುಕೊಂಡೆ. ಹೋದೆ.

ಬಂದರು. ನಿನ್ನೆ ಮಗಳು ಬಂದಿದ್ದಳಂತೆ, ಅದಕ್ಕೇ ಇಲ್ಲ. ನಾನು ಅಲ್ಲಿ ಯಾಕೆ ನಿಂತಿದ್ದೇನೆ ಎಂದು ಅವರು ಕೇಳಲಿಲ್ಲ. ಇಬ್ಬರೂ ಎರಡು ಸುತ್ತು ಹಾಕಿದೆವು. ನನ್ನ ಎಡ ಮಂಡಿ ನೋಯುತ್ತದೆ ಎಂದು ಹೇಳಿದೆ. ಅವರು ಸೊಂಟದ ಬಗ್ಗೆ ಹೇಳಿದರು. ಅಕ್ಕನ ಬಗ್ಗೆ ಹೇಳಿದೆ, ಆಕೆ ಸಾಯುವ ಮುಂಚಿನ ವಾರ ಗೋಧಿ ಹುಗ್ಗಿ ಬೇಕೆಂದದ್ದು, ನಾನು ನಾಳೆ ಮಾಡುತ್ತೇನೆ ಎಂದದ್ದು. ಯಾರಿಗೂ ಹೇಳಿರಲಿಲ್ಲ. ಅವರು ಸಮಾಧಾನ ಗಿಮಾಧಾನ ಮಾಡಲು ಬರಲಿಲ್ಲ, ಸುಮ್ಮನೆ ಪೆಡಲ್ ನಿಧಾನ ಮಾಡಿದರು. ನಾನು ಕಣ್ಣು ಒರೆಸಿಕೊಳ್ಳುವವರೆಗೆ ಹಾಗೇ ನಿಧಾನ ಬಂದರು.

ತಿರುವಿನಲ್ಲಿ ಅವರು ಆ ಕಡೆ, ನಾನು ಈ ಕಡೆ. ಒಂದು ಕಾಲು ನೆಲಕ್ಕೆ ಊರಿ ನಿಂತು, "ನಾಳೆ ಬರ್ತೀರಲ್ರಿ?" ಅಂದರು.

ಏನಿದೆ ಆ ಮಾತಿನಲ್ಲಿ? ಏನೂ ಇಲ್ಲ. ಹೂಂ ಎಂದು ತಲೆಯಾಡಿಸಿದೆ. ಆದರೆ ನನ್ನ ಮನೆಯಲ್ಲಿ ನಾನು ಬಂದರೂ ಹೋದರೂ ಕೇಳುವವರಿಲ್ಲ. ನಾಳೆ ಎಂಬುದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದುಕೊಂಡು ಮೂರು ವರ್ಷ ಕಳೆದವಳು ನಾನು.

ನಿಮ್ಮನ್ನು ಹಾಗೆ ಕೇಳಿ, ನಿಮ್ಮ ಉತ್ತರಕ್ಕಾಗಿ ಕಾದು ನಿಲ್ಲುವವರು ಒಬ್ಬರಾದರೂ ಇದ್ದಾರೆಯೇ?